ಮೂರನೆಯ ಕರೆ

ದೆವ್ವ, ಗಾಳಿ ಎಂದರೆ ನಗುತ್ತಿದ್ದವನು ನಾನು. "ಹೊರಗಿಂದ ಯಾರರ ಕರದ್ರ ಮೊದಲನೇ ಕರಿಗೆ ಓ ಅನಬ್ಯಾಡ, ದೆವ್ವ ಇದ್ರ ಕರಕೊಂಡು ಹೋಗ್ತದ" ಎಂದು ಅವ್ವ ಹೇಳಿದಾಗಲೆಲ್ಲ ಬೇಕಂತಲೇ ಜೋರಾಗಿ ಓ ಅನ್ನುತ್ತಿದ್ದೆ. ಈಗ ನಗು ಬರುವುದಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಹಳೆಯ ರೆಕಾರ್ಡಿಂಗುಗಳ ಗದ್ದಲ ತೆಗೆದು ದನಿ ಸ್ಪಷ್ಟ ಮಾಡುವುದು ನನ್ನ ಕೆಲಸ. ಅವ್ವನಿಗೆ ಲಕ್ವಾ ಹೊಡೆದು ಮಾತು ನಿಂತ ಮೇಲೆ ಸಿಂದಗಿಯ ಮನೆಯಲ್ಲೇ, ಅವಳ ಹಾಸಿಗೆಯ ಪಕ್ಕ ಕೂತು ಅದನ್ನು ಮಾಡುತ್ತಿದ್ದೆ. ಆಗ ನನ್ನ ಕೈಗೆ ಬಂದದ್ದು ಇಂಡೋನೇಷ್ಯಾದ ಕಡೆಯ ಒಂದು ಪುಟ್ಟ ದ್ವೀಪದ ಭಾಷೆಯ ರೆಕಾರ್ಡಿಂಗ್. ಆ ಭಾಷೆ ಆಸ್ಟ್ರೊನೇಷಿಯನ್ ಕುಟುಂಬದ್ದಾದರೂ ಅಕ್ಕಪಕ್ಕದ ಊರುಗಳ ಮಾತು ಸೇರಿ ಸೇರಿ ಅದರ ಚಹರೆಯೇ ಬದಲಾಗಿತ್ತಂತೆ. ಅದನ್ನಾಡುತ್ತಿದ್ದ ಕೊನೆಯ ಮುದುಕಿ ಸತ್ತು ವರ್ಷಗಳಾಗಿದ್ದವು. ಅವ್ವನ ಆರೈಕೆಗೆಂದು ಬಂದಿದ್ದ ಅಕ್ಕನಿಗೆ ಇದನ್ನು ಹೇಳಿದೆ. "ನಮ್ಮವ್ವನಂಗ ಬಿಡೋ. ತವರವರ ಕೂಡ ಮರಾಠಿ, ನಮ್ಮ ಕೂಡ ಕನ್ನಡ, ಸಂತ್ಯಾಗ ಉರ್ದು. ಈಗ ನೋಡು, ಒಂದೂ ಇಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವ್ವನ ಬಾಯಿಂದ ಒಂದೇ ಒಂದು ಮಾತು ಬಂದರೂ ನಮಗೆ ಸಾಕಿತ್ತು.

ರೆಕಾರ್ಡಿಂಗಿನ ಕೊನೆಗೆ ಆ ಮುದುಕಿ ದಂಡೆಯಲ್ಲಿ ನಿಂತು, ತಮ್ಮೂರಲ್ಲಿ ಒಬ್ಬರನ್ನೊಬ್ಬರು ಹೇಗೆ ಕೂಗಿ ಕರೆಯುತ್ತಿದ್ದರೆಂದು ತೋರಿಸುತ್ತಾಳೆ. ಒಮ್ಮೆ ಕರೆದು, ಉತ್ತರಕ್ಕೆ ಕಾದು, ಮತ್ತೆ ಕರೆಯುತ್ತಾಳೆ, ಹೀಗೆ ಮೂರು ಸಲ. ತೆರೆಗಳ ಸದ್ದು ಬಿಟ್ಟರೆ ಏನಿಲ್ಲ. "ಪಾಪ, ಮೂರು ಸಲ ಕರದ್ರೂ ಯಾರೂ ಓ ಅನ್ನಂಗಿಲ್ಲಲ್ಲೋ" ಎಂದು ಅಕ್ಕ ರೊಟ್ಟಿ ಬಡಿಯುತ್ತಲೇ ಮರುಗುತ್ತಿದ್ದಳು.

ಒಂದು ಮಧ್ಯಾಹ್ನ ಅದನ್ನೇ ಹಚ್ಚಿದ್ದೆ. ಎರಡನೆಯ ಕರೆ ಮುಗಿದಿತ್ತಷ್ಟೆ, ಅವ್ವ ಕಣ್ಣು ಬಿಟ್ಟಳು.

"ಓ... ಬಂದ್ನಿ, ತಡಿಯವ್ವಾ."

ತೊದಲಲಿಲ್ಲ. ಅದೇ ಹಳೆಯ ಗಟ್ಟಿ ದನಿ. ಗಾಬರಿಯಲ್ಲಿ ರೆಕಾರ್ಡಿಂಗ್ ನಿಲ್ಲಿಸಿದೆ. ಅಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಇಬ್ಬರೂ "ಅವ್ವಾ, ಅವ್ವಾ" ಎಂದು ಕರೆದೇ ಕರೆದೆವು. ನಮಗೆ ಓ ಅನ್ನಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೋಗಿಬಿಟ್ಟಳು.

ದಿನಕರ್ಮ ಮುಗಿದ ಮೇಲೆ, ಕೆಲಸ ಬಿಡುವಂತಿರಲಿಲ್ಲ, ಆ ರೆಕಾರ್ಡಿಂಗ್ ಮತ್ತೆ ಹಚ್ಚಿದೆ. ಮುದುಕಿ ಕರೆದಳು. ಇನ್ನೊಮ್ಮೆ ಕರೆದಳು. ಮೂರನೆಯದು ಬರಲಿಲ್ಲ. ನಾನೇ ಎಲ್ಲೋ ಅಳಿಸಿರಬೇಕೆಂದು ಕಳಿಸಿದವರಿಂದ ಮೂಲವನ್ನೇ ತರಿಸಿಕೊಂಡೆ. ಅದರಲ್ಲೂ ಎರಡೇ. ಮೊದಲಿನಿಂದಲೂ ಎರಡೇ ಇವೆ ಅಂದರು ಅವರು.

"ಹುಚ್ಚರದಾರೇನ ಅವ್ರು? ದಿನಾ ಕೇಳೇನಿ ನಾ, ಮೂರು ಸಲ ಕರೀತಿದ್ಳು" ಎಂದಳು ಅಕ್ಕ. ಅವ್ವನ ಕೌದಿ ಮಡಿಚಿಡುತ್ತ, "ಇನ್ನ್ಯಾಕ ಕರೀತಾಳ ಬಿಡು. ಅವ್ವ ಓ ಅಂದ್ಲಲ್ಲ" ಎಂದಳು.

ಇವತ್ತಿಗೂ ನನಗೆ ಇದು ಬಗೆಹರಿದಿಲ್ಲ. ಹೆತ್ತ ಮಕ್ಕಳು ಅಷ್ಟು ದಿನ ಕರೆದರೂ ಓ ಅನ್ನದವಳು, ಯಾರೋ ಕರೆದರೆ ಎದ್ದು ಹೋದಳಲ್ಲ.