ದಡಕ್ಕೆ ಸೊಟ್ಟ, ಕಡಲಿಗೆ ನೆಟ್ಟಗೆ

ಜೂನ್ ಬಂತೆಂದರೆ ತದಡಿ ಬಂದರಿನಲ್ಲಿ ಡೀಸೆಲ್ ವಾಸನೆ ಇಳಿದು ಬಣ್ಣದ ವಾಸನೆ ಏಳುತ್ತದೆ. ಮಳೆಗಾಲದ ಮೀನುಗಾರಿಕೆ ನಿಷೇಧ, ಇಲ್ಲಿನವರ ಬಾಯಲ್ಲಿ 'ಬಂದಿ', ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನುಗಾರರು ಬಲೆ ಹೊಲಿಯುತ್ತ, ಇಸ್ಪೀಟು ಆಡುತ್ತ, ಮಳೆಯನ್ನು ಬೈಯುತ್ತ ದಿನ ತಳ್ಳುತ್ತಾರೆ. ಆದರೆ ಜಯಂತಿ ಹರಿಕಂತ್ರಳಿಗೆ ಉಸಿರು ಬಿಡಲು ಪುರುಸೊತ್ತು ಇಲ್ಲದ ಎರಡು ತಿಂಗಳು ಇವೇ. ದಡಕ್ಕೆ ಎಳೆದ ಬೋಟಿನ ಮೂತಿಗೆ ತಾಡಪಾಲು ಕಟ್ಟಿ, ಅದರ ಕೆಳಗೆ ಎರಡು ಪೀಪಾಯಿಗಳ ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ಕುಕ್ಕುರುಗಾಲಲ್ಲಿ ಕೂತು ಅವಳು ಹೆಸರು ಬರೆಯುತ್ತಾಳೆ. ಅವಳ ವಯಸ್ಸು ನಲವತ್ತೇಳು. ಈ ಹಲಗೆ ಹತ್ತಿ ಇಪ್ಪತ್ತೆಂಟು ವರ್ಷವಾಯಿತು.

ಕೆಲಸ ಕಲಿಸಿದವನು ಅವಳ ಅಪ್ಪ ಮಾಸ್ತಿ. ಮಗ ಸುಧಾಕರನಿಗೆ ಕಲಿಸಲು ನೋಡಿದ್ದ. ಸುಧಾಕರನ ಕೈಗೆ ಹುಟ್ಟು ಹಿಡಿಸಿತು, ಕುಂಚ ಹಿಡಿಸಲಿಲ್ಲ. ಬಣ್ಣದ ಡಬ್ಬಿ ಹಿಡಿದು ನಿಲ್ಲುತ್ತಿದ್ದ ಮಗಳು ಯಾರೂ ಹೇಳದೆ ಕಲಿತಳು. ಅಪ್ಪನ ಕೈ ನಡುಗಲು ಶುರುವಾದ ವರ್ಷ ಒಬ್ಬ ಮಾಲೀಕರ ಬೋಟಿನ ಮೇಲೆ ಅರ್ಧ ಹೆಸರು ಅವನು ಬರೆದ, ಉಳಿದರ್ಧ ಅವಳು ಬರೆದಳು. ಎಲ್ಲಿ ಕೈ ಬದಲಾಯಿತೆಂದು ಮಾಲೀಕರಿಗೆ ಗೊತ್ತಾಗಲಿಲ್ಲ. ಅಂದಿನಿಂದ ಮಾಸ್ತಿ ದಡದಲ್ಲಿ ಬಣ್ಣದ ಡಬ್ಬಿ ಇಡುವ ಶೆಡ್ಡಿನ ಮುಂದೆ ಮೀನಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿಕೊಂಡು ಕೂರುತ್ತಾನೆ. ತಪ್ಪು ಹುಡುಕುವುದು ಈಗ ಅವನ ಕೆಲಸ.

ಹಿಂದೊಮ್ಮೆ ಭಟ್ಕಳದ ನವಾಯತ ಮುಸ್ಲಿಂ ಮಾಲೀಕರೊಬ್ಬರು ತಮ್ಮ ಬೋಟಿಗೆ ಕನ್ನಡದ ಕೆಳಗೆ ಉರ್ದುವಿನಲ್ಲೂ ಹೆಸರು ಬೇಕೆಂದರು. ಜಯಂತಿಗೆ ಉರ್ದು ಓದಲು ಬಾರದು. ಅವರು ಕೊಟ್ಟ ಚೀಟಿಯನ್ನು ನಾಲ್ಕು ದಿನ ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡು, ಅನ್ನ ಬೇಯುವಾಗ ನೋಡಿ ನೋಡಿ ಬಲದಿಂದ ಎಡಕ್ಕೆ ಬರೆದಳು. ಆ ಮಾಲೀಕರು ಈಗಲೂ ಪ್ರತಿವರ್ಷ ಬೋಟನ್ನು ಅವಳ ಹತ್ತಿರವೇ ತರುತ್ತಾರೆ.

ಇಷ್ಟೆಲ್ಲ ಬರೆದರೂ ಜಯಂತಿ ಬೆರಳು ಮಾಡಿ ತೋರಿಸಬಹುದಾದ, ಒಂದು ವರ್ಷಕ್ಕಿಂತ ಹಳೆಯದಾದ ಒಂದು ಅಕ್ಷರವೂ ತದಡಿಯಲ್ಲಿ ಇಲ್ಲ. ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಬಳಿಯುವುದು ಇಲ್ಲಿ ಸಲ್ಲದು. ಹೋದ ವರ್ಷದ ಬಣ್ಣದಲ್ಲಿ ಹೋದ ವರ್ಷದ ಲುಕ್ಸಾನೂ ಇರುತ್ತದೆ ಎಂಬುದು ಮಾಲೀಕರ ನಂಬಿಕೆ. ಹಾಗಾಗಿ ಮೊದಲು ಮರ ಕಾಣುವ ತನಕ ಕೆರೆಯಬೇಕು. ಯಾರಾದರೂ ಬೋಟು ನೋಡಲು ಬರುತ್ತಾರೆಂದರೂ ಹಾಗೆಯೇ. ಕೆರೆಯದ ಬೋಟು ತೋರಿಸುವುದೆಂದರೆ ನೆಂಟರನ್ನು ಎಂಜಲೆಲೆಯ ಮುಂದೆ ಕೂರಿಸಿದ ಹಾಗೆ. ಜಯಂತಿ ತಾನು ಬರೆದದ್ದನ್ನು ತಾನೇ ಕೆರೆದು, ಮತ್ತೆ ತಾನೇ ಬರೆಯುತ್ತ ಬಂದಿದ್ದಳು. ಅದಕ್ಕೆ ಅವಳು ಬೇಜಾರು ಮಾಡಿಕೊಂಡದ್ದನ್ನು ಯಾರೂ ಕಂಡಿರಲಿಲ್ಲ.

ಹೀಗಿರುವಾಗ ಏಪ್ರಿಲ್ ತಿಂಗಳ ಒಂದು ಭಾನುವಾರ ಸುಧಾಕರನ ಮಗಳು ದಿವ್ಯಶ್ರೀ ಫೋನು ಹಿಡಿದುಕೊಂಡು ಬಂದಳು. ಅವಳು ಕುಮಟೆಯ ಸೊಸೈಟಿಯೊಂದರಲ್ಲಿ ಗುಮಾಸ್ತೆ, ಆ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು.

"ಅತ್ತೆ, ಇಲ್ಲಿ ಕೇಳು. ಹೊನ್ನಾವರದಲ್ಲಿ ರೆಸಿಡೆನ್ಸಿ ಕರೆದಿದ್ದಾರೆ. ಆರು ವಾರ."

"ಮುರ್ಡೇಶ್ವರದಲ್ಲಿ ಬೇಕಾದಷ್ಟು ರೆಸಿಡೆನ್ಸಿ ಇದಾವೆ. ಎಲ್ಲದರಲ್ಲೂ ರೂಮು ಖಾಲಿ."

"ಅದು ಲಾಡ್ಜು. ಇದು ಚಿತ್ರ ಮಾಡುವವರಿಗೆ. ಇರೂಕೆ ಜಾಗ, ಊಟ, ಬಣ್ಣ ಎಲ್ಲ ಅವರೇ ಕೊಡ್ತಾರೆ. ಆರು ವಾರ ಅಲ್ಲಿದ್ದು ನಮಗೆ ಬೇಕಾದ್ದು ಮಾಡೂದು."

"ನಮಗೆ ಬೇಕಾದ್ದಾ, ಅವರಿಗೆ ಬೇಕಾದ್ದಾ?"

"ನಮಗೆ ಬೇಕಾದ್ದು."

"ಊಟ ಹಾಕಿ ನಿನಗೆ ಬೇಕಾದ್ದು ಮಾಡು ಅನ್ನೂದು ಅಳಿಯಂಗೆ ಮಾತ್ರ," ಎಂದ ಮಾಸ್ತಿ ಪೆಟ್ಟಿಗೆಯ ಮೇಲಿಂದ.

ದಿವ್ಯಶ್ರೀ ನಗಲಿಲ್ಲ. ಶರಾವತಿಯ ದಂಡೆಯಲ್ಲಿರುವ ಹಳೆಯ ಹಂಚಿನ ಗೋದಾಮೊಂದನ್ನು ದುರಸ್ತಿ ಮಾಡಿ 'ನದಿಮನೆ' ಎಂದು ಹೆಸರಿಟ್ಟಿದ್ದರು. ವರ್ಷಕ್ಕೆ ಮೂವರು ಕಲಾವಿದರನ್ನು, ಒಬ್ಬ ಕ್ಯುರೇಟರನ್ನು ಕರೆಸಿ ಇರಿಸಿಕೊಳ್ಳುತ್ತಿದ್ದರು. ಕ್ಯುರೇಟರ್ ಎಂದರೆ ಯಾರ ಕೆಲಸವನ್ನು ಎಲ್ಲಿ, ಹೇಗೆ ಜನರಿಗೆ ತೋರಿಸಬೇಕೆಂದು ನೋಡುವವರು ಎಂದು ದಿವ್ಯಶ್ರೀ ವಿವರಿಸಿದಳು. ಈ ಸಲ ಕರಾವಳಿಯ ಕೈಕೆಲಸದವರಿಗೂ ಒಂದು ಜಾಗ ಇಟ್ಟಿದ್ದರು. ನವೆಂಬರ್, ಡಿಸೆಂಬರ್‌ನಲ್ಲಿ. ಬೋಟುಗಳೆಲ್ಲ ಕಡಲಲ್ಲಿರುವ ಕಾಲ, ಜಯಂತಿಗೆ ಬಿಡುವಿನ ಕಾಲ.

ಜಯಂತಿ ಕೈಯಲ್ಲಿದ್ದ ಕುಂಚವನ್ನು ಶೆಡ್ಡಿನ ಬಾಗಿಲಿಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಒರೆಸಿದಳು. ಆಮೇಲೆ ಕೇಳಿದಳು, "ಗೋಡೆ ಕೊಡ್ತಾರಾ?"

"ಕೊಡ್ತಾರಂತೆ."

"ಅದನ್ನ ಮತ್ತೆ ಕೆರೆಯೂದಿಲ್ಲ ಅಲ್ಲವಾ?"

ದಿವ್ಯಶ್ರೀ ಅತ್ತೆಯ ಮುಖ ನೋಡಿದಳು. ಇಪ್ಪತ್ತೆಂಟು ವರ್ಷದಲ್ಲಿ ಅತ್ತೆ ತನಗಾಗಿ ಒಂದು ಪ್ರಶ್ನೆ ಕೇಳಿದ್ದು ಇದೇ ಮೊದಲಿರಬೇಕು ಅನ್ನಿಸಿತು. "ಯಾರು ಕೆರೀತಾರೆ ಅತ್ತೆ. ಗೋಡೆ ಕಡಲಿಗೆ ಹೋಗೂದಿಲ್ಲವಲ್ಲ," ಎಂದಳು.

ಅರ್ಜಿಯಲ್ಲಿ ಐದು ವರ್ಷದ ಕೆಲಸದ ಹತ್ತು ಫೋಟೋ ಕೇಳಿದ್ದರು. ಐದು ವರ್ಷದ ಕೆಲಸವನ್ನು ಕಡಲು ಮತ್ತು ಕೆರೆಯುವ ಕತ್ತಿ ಹಂಚಿಕೊಂಡು ತಿಂದಿದ್ದವು. ದಿವ್ಯಶ್ರೀಯ ಫೋನಿನಲ್ಲಿ ಮೂರು ಬೋಟಿನ ಚಿತ್ರ ಸಿಕ್ಕವು. ನಾಲ್ಕನೆಯದು, ಜಯಂತಿ ದೊಡ್ಡ ಏಡಿಯೊಂದನ್ನು ಎತ್ತಿ ಹಿಡಿದು ಶೆಡ್ಡಿನ ಬಾಗಿಲ ಮುಂದೆ ನಿಂತದ್ದು. ಮುಖ ಚೆನ್ನಾಗಿ ಬಂದಿದೆ ಎಂದು ಅದನ್ನೂ ಸೇರಿಸಿ ಕಳಿಸಿದಳು.

ಜೂನ್ ಕೊನೆಗೆ ಉತ್ತರ ಬಂತು. ಆಯ್ಕೆ ಇನ್ನೂ ಆಗಿಲ್ಲ, ಆದರೆ ನಿಮ್ಮ ಕೆಲಸ ನಮ್ಮನ್ನು ಬಹಳ ಸೆಳೆದಿದೆ, ಅದನ್ನು ಕಣ್ಣಾರೆ ನೋಡಿ ತೀರ್ಮಾನಿಸಲು ಈ ವರ್ಷದ ಕ್ಯುರೇಟರ್ ಅರ್ಚಿತಾ ಹೆಗಡೆ ಬುಧವಾರ ತದಡಿಗೆ ಬರುತ್ತಾರೆ ಎಂದು ಬರೆದಿತ್ತು. ಯಾವ ಕೆಲಸ ಎಂದು ಬರೆದಿರಲಿಲ್ಲ.

ಬರುವವರು ಶೆಡ್ಡಿಗೇ ಬರುತ್ತಾರೆ. ಜಯಂತಿ ಶೆಡ್ಡನ್ನು ಸುತ್ತಲೂ ನೋಡಿದಳು. ಬಾಗಿಲು ಕಣ್ಣಿಗೆ ಬಿತ್ತು. ಮಾಸ್ತಿಯ ಕಾಲದಿಂದ ಅಪ್ಪ ಮಗಳು ಇಬ್ಬರೂ ಕುಂಚ ಒರೆಸಿ ಒರೆಸಿ ಅದರ ಮೇಲೆ ಬಣ್ಣ ಬೆರಳು ದಪ್ಪ ಕಟ್ಟಿತ್ತು. ಯಾವ ಬೋಟಿನ ಹಸಿರೋ, ಯಾವ ಬೋಟಿನ ಕೆಂಪೋ, ಒಂದರ ಮೇಲೊಂದು ಬಿದ್ದು ಬಾಗಿಲಿನ ಮರವೇ ಕಾಣುತ್ತಿರಲಿಲ್ಲ. ದೊಡ್ಡವರು ಬರುವಾಗ ಇದು ಹೀಗಿದ್ದರೆ ಮರ್ಯಾದೆಯೇ? ಎರಡು ಬೋಟಿನ ಕೆಲಸ ಬದಿಗಿಟ್ಟು, ಸೋಮವಾರ ಮತ್ತು ಮಂಗಳವಾರ ಕೂತು ಬಾಗಿಲನ್ನು ಮರದ ತನಕ ಕೆರೆದಳು. ಎರಡು ಗೋಣಿ ಚೆಕ್ಕೆ ಬಂತು. ಪಂಚಾಯತಿಯ ಕಸದ ಗಾಡಿ ಅದನ್ನು ಒಯ್ದಿತು. ಸಂಜೆ ನೀಲಿ ಬಳಿದು, ಬಿಳಿಯಲ್ಲಿ 'ಸುಸ್ವಾಗತ' ಎಂದು ಬರೆದು, ಅಕ್ಷರದ ಅಂಚಿಗೆ ತೆಳುವಾಗಿ ಹಳದಿ ಎಳೆದಳು.

ಬುಧವಾರ ಹತ್ತು ಗಂಟೆಗೆ ಅರ್ಚಿತಾ ಬಂದಳು. ಮೂವತ್ತೈದರ ಆಸುಪಾಸಿನ ಹೆಂಗಸು, ಹೊನ್ನಾವರದ ಹತ್ತಿರದ ತೋಟದ ಮನೆಯವಳು, ಓದಿದ್ದು ಬರೋಡದಲ್ಲಿ. ಕೊಡೆ ಮಡಚದೆ ಶೆಡ್ಡಿನ ಮುಂದೆ ನಿಂತು ಆ ಕಡೆ ಈ ಕಡೆ ನೋಡಿದಳು.

"ಬಾಗಿಲು ಎಲ್ಲಿ?"

"ಇದೇ," ಎಂದಳು ಜಯಂತಿ.

"ಅಲ್ಲ, ಫೋಟೋದಲ್ಲಿ ಇದ್ದದ್ದು. ನಿಮ್ಮ ಹಿಂದೆ ಇತ್ತಲ್ಲ. ಬಣ್ಣ ಬಣ್ಣದ್ದು."

"ಇದೇ ಅದು. ನೀವು ಬರ್ತೀರಿ ಅಂತ ಕೆರೆದೆ."

ಅರ್ಚಿತಾ ಕೊಡೆ ಮಡಚಿ ಮೀನಿನ ಪೆಟ್ಟಿಗೆಯ ತುದಿಯಲ್ಲಿ, ಮಾಸ್ತಿಯ ಪಕ್ಕದಲ್ಲೇ ಕೂತುಬಿಟ್ಟಳು. ಆಯ್ಕೆ ಸಮಿತಿಯ ಐವರೂ ಫೋಟೋದಲ್ಲಿ ಆ ಬಾಗಿಲನ್ನು ನೋಡಿ, ಅದನ್ನೇ ಕಳಚಿ ಹೊನ್ನಾವರಕ್ಕೆ ತಂದು ಗೋದಾಮಿನ ನಡುವೆ ನಿಲ್ಲಿಸಬೇಕೆಂದು ಮಾತಾಡಿದ್ದರು. ಮೆಲ್ಲಗೆ ಅದನ್ನೆಲ್ಲ ಹೇಳಿದಳು.

ದಿವ್ಯಶ್ರೀ ಆ ದಿನ ರಜೆ ಹಾಕಿ ಬಂದಿದ್ದಳು. ಅವಳು ಫೋನಿನಲ್ಲಿ ಏಡಿಯ ಚಿತ್ರ ಹುಡುಕಿ ನೋಡಿದಳು. ಜಯಂತಿಗೂ ವಿಷಯ ಅರ್ಥವಾಯಿತು. ಗೋಡೆ ಕೈಗೆ ಬಂದಿತ್ತು. ಅದನ್ನು ತಂದುಕೊಡುವ ಬಾಗಿಲನ್ನು ತಾನೇ ಎರಡು ದಿನ ಕೂತು ಕೆರೆದು, ಗೋಣಿಯಲ್ಲಿ ಕಟ್ಟಿ ಕಸದ ಗಾಡಿಗೆ ಹಾಕಿದ್ದಾಳೆ. ಬೇರೆ ಯಾರಾದರೂ ಆಗಿದ್ದರೆ ಕೈ ಮುಗಿಯುತ್ತಿದ್ದರೋ, ಅಳುತ್ತಿದ್ದರೋ. ಜಯಂತಿಗೆ ನಿಜಕ್ಕೂ ನೋವಾದದ್ದು ಇನ್ನೊಂದಕ್ಕೆ.

"ಅಮ್ಮ, ಅದು ಕುಂಚ ಒರೆಸಿದ್ದು," ಎಂದಳು. "ಅದು ಕೆಲಸ ಅಲ್ಲ. ನನ್ನ ಕೆಲಸ ನೋಡೂಕೆ ಬಂದದ್ದಾದರೆ ಅಲ್ಲಿ ಬನ್ನಿ. ಇಲ್ಲವಾದರೆ ಚಾ ಕುಡಿದು ಹೋಗಿ, ಬೇಜಾರಿಲ್ಲ."

ಮಾಸ್ತಿ ಪೆಟ್ಟಿಗೆಯ ಮೇಲೆ ಕೂತೇ ಸೇರಿಸಿದ, "ಚಾ ಆದಮೇಲೆ ಬೇಕಾದರೂ ನೋಡಬಹುದು. ಬೋಟು ಎಲ್ಲೂ ಓಡೂದಿಲ್ಲ. ಬಂದಿ ಅದೆ."

ಅರ್ಚಿತಾ ಎದ್ದು ಜಯಂತಿಯ ಹಿಂದೆ ಹೋದಳು. ಬಂದ ಮೇಲೆ ನೋಡದೆ ಹೋಗುವುದು ಸರಿಯಲ್ಲ ಎಂಬ ಮರ್ಯಾದೆಗೆ ಹೋದದ್ದು ಅಷ್ಟೇ. ಜಯಂತಿ ಹಲಗೆ ಹತ್ತಿ, ನೀಲಿ ಪುಡಿಯಲ್ಲಿ ಅದ್ದಿದ ದಾರವನ್ನು ಬೋಟಿನ ಮೂತಿಗೆ ಎಳೆದು ಚಟ್ಟನೆ ಬಿಟ್ಟಳು. ಗೆರೆ ಮೂಡಿತು. ಗೆರೆ ನೇರವಿರಲಿಲ್ಲ, ಮೂತಿಯ ಕಡೆಗೆ ಏರುತ್ತ ಹೋಗಿತ್ತು. ಅದರ ಮೇಲೆ 'ಜಲಕನ್ಯೆ' ಎಂದು ಬರೆಯತೊಡಗಿದಳು. ಅಕ್ಷರಗಳು ತಲೆಯಲ್ಲಿ ದಪ್ಪ, ಬುಡದಲ್ಲಿ ಅದಕ್ಕಿಂತ ದಪ್ಪ, ನಡುವಿನ ಸುಳಿಗಳು ಅಗಲ. ಮೊದಲನೆಯದು ಎಡಕ್ಕೆ ವಾಲಿತ್ತು, ಕೊನೆಯದು ಬಲಕ್ಕೆ ಎಳೆದುಕೊಂಡಿತ್ತು. ಒಂದು ಗಂಟೆ ನೋಡಿದ ಮೇಲೆ ಅರ್ಚಿತಾ ದಿವ್ಯಶ್ರೀಯ ಕಿವಿಯಲ್ಲಿ, "ಸ್ವಲ್ಪ ಸೊಟ್ಟ ಆಗ್ತಾ ಇಲ್ಲವಾ?" ಎಂದಳು.

ಹಲಗೆಯ ಮೇಲಿನ ಕಿವಿ ಚುರುಕಾಗಿತ್ತು. ಜಯಂತಿ ತಿರುಗಿ ನೋಡದೆ ಕರೆದಳು, "ಸುಧಾಕರ, ಇವರನ್ನ ಸ್ವಲ್ಪ ನೀರಿಗೆ ಕರಕೊಂಡು ಹೋಗು."

ಸುಧಾಕರ ತನ್ನ ಚಿಕ್ಕ ದೋಣಿ ಬಿಚ್ಚಿದ. ಅರ್ಚಿತಾ ಹೆದರುತ್ತ ಹತ್ತಿದಳು. ಮಳೆ ಹನಿಯುತ್ತಿತ್ತು, ಅಘನಾಶಿನಿ ಕೆಂಪಾಗಿ ತುಂಬಿ ಹರಿಯುತ್ತಿತ್ತು. ನೂರೈವತ್ತು ಮಾರು ದೂರ ಹೋದ ಮೇಲೆ ಸುಧಾಕರ ಹುಟ್ಟು ಎತ್ತಿ, "ಈಗ ನೋಡಿ," ಎಂದ.

ಅರ್ಚಿತಾ ತಿರುಗಿದಳು. ದೋಣಿ ತೂಗುತ್ತಿತ್ತು. ಕನ್ನಡಕದ ಮೇಲೆ ಹನಿ ಕೂತಿತ್ತು. ದಡದಲ್ಲಿ ಸಾಲಾಗಿ ನಿಂತ ಬೋಟುಗಳಲ್ಲಿ ಬೇರೆಯವರು ಬರೆದ ಎಷ್ಟೋ ಹೆಸರುಗಳು ಮಳೆಯಲ್ಲಿ ಕಲಸಿಹೋಗಿದ್ದವು. ಸ್ಟಿಕ್ಕರ್ ಅಂಟಿಸಿದ ಎರಡು ಬೋಟಿನ ಹೆಸರು ಹೊಳೆಯುವ ಪಟ್ಟಿಯಂತೆ ಕಂಡವು, ಓದಲು ಬರಲಿಲ್ಲ. 'ಜಲಕನ್ಯೆ' ಮಾತ್ರ ದಾರ ಹಿಡಿದಂತೆ ನೆಟ್ಟಗೆ ನಿಂತಿತ್ತು. ಮೂತಿಯ ಬಾಗು, ಬಣ್ಣದ ಹೊಳಪು, ನೋಡುವವನ ದೋಣಿಯ ತೂಗಾಟ, ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿ ಹಲಗೆಯ ಮೇಲೆ ಕೂತವಳು ಸೊಟ್ಟ ಬರೆದಿದ್ದಳು.

"ಇದು ದಡದವರಿಗೆ ಬರೆಯೂದಲ್ಲ," ಎಂದ ಸುಧಾಕರ. "ಗಾಳಿಯಲ್ಲಿ ಸಿಕ್ಕಿಬಿದ್ದವ ದೂರದಿಂದ ಓದಿ, ಇಂಥ ಬೋಟು ಹತ್ತಿರ ಅದೆ ಅಂತ ವೈರ್‌ಲೆಸ್ಸಿನಲ್ಲಿ ಹೇಳಬೇಕು. ಅವನಿಗೆ."

ದಡಕ್ಕೆ ಬಂದಮೇಲೆ ಅರ್ಚಿತಾ ಊಟಕ್ಕೆ ಕಾಯಬೇಡವೆಂದು ತಾಯಿಗೆ ಫೋನು ಮಾಡಿದಳು. "ಆಯಿ, ಊಟಕ್ಕೆ ಬತ್ನಿಲ್ಲೆ. ಇಲ್ಲಿ ಕೆಲಸ ಇದ್ದು." ಮಧ್ಯಾಹ್ನ ಮಾಸ್ತಿಯ ಪಕ್ಕ ಕೂತು ಗಂಜಿ ಉಂಡಳು, ಮೀನು ಒಲ್ಲೆ ಎಂದು ಉಪ್ಪಿನಕಾಯಿ ಹಾಕಿಸಿಕೊಂಡಳು. ಸಂಜೆಯ ತನಕ ಬರೆದುಕೊಂಡಳು. ಹೋಗುವಾಗ ಹೊಸ ಬಾಗಿಲ ಮುಂದೆ ಒಂದು ಗಳಿಗೆ ನಿಂತು, "ನಾವು ಹತ್ತಿರದಿಂದ ನೋಡಿ ತಪ್ಪು ಮಾಡಿದೆವು," ಎಂದಳು. "ಸಮಿತಿಯವರಿಗೆ ಬಾಗಿಲು ಇಲ್ಲ ಅಂತ ಹೇಳುವುದು ಕಷ್ಟವೇ. ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ನಾನು ಹೇಳುವಷ್ಟು ಹೇಳುತ್ತೇನೆ."

"ಆತು," ಎಂದಳು ಜಯಂತಿ. ಬಾಗಿಲು ಕೆರೆದ ಎರಡು ದಿನದಲ್ಲಿ ಹಿಂದೆ ಬಿದ್ದ ಕೆಲಸ ತೀರಿಸಲು ಅವಳು ಹಲಗೆಗೆ ಮರಳಿದಳು. ಒಂದು ತಿಂಗಳು ಅದರ ಮಾತೇ ಆಡಲಿಲ್ಲ. ಬೋಟುಗಳು ಇಳಿಯುವ ಹಿಂದಿನ ದಿನ ದಿವ್ಯಶ್ರೀ ಕುಮಟೆಯಿಂದ ಫೋನು ಮಾಡಿ ಆಯ್ಕೆಯಾದ ಸುದ್ದಿ ಹೇಳಿದಾಗ, "ಗೋಡೆ ಯಾವ ದಿಕ್ಕಿನದ್ದು ಕೇಳು," ಎಂದಷ್ಟೇ ಅಂದಳು.

ನವೆಂಬರಿನಲ್ಲಿ ಹೊನ್ನಾವರಕ್ಕೆ ಹೋದಾಗ ಗೋದಾಮಿನ ಒಳಗಿನ ಗೋಡೆ ಕೊಟ್ಟರು. ಚೆಂದದ ಬಿಳಿ ಗೋಡೆ, ಮೇಲೆ ದೀಪ. ಜಯಂತಿ ಅದನ್ನು ಕೈಯಲ್ಲಿ ಸವರಿ ನೋಡಿ, ಇದಕ್ಕೆ ನೋಡುವವರು ಎಷ್ಟು ದೂರ ನಿಲ್ಲುತ್ತಾರೆ ಎಂದು ಕೇಳಿದಳು. ಹತ್ತು ಅಡಿ ಎಂದರು. ಅವಳು ಹೊರಗೆ ಹೋಗಿ, ಶರಾವತಿಯ ಕಡೆಗೆ ಮುಖ ಮಾಡಿದ, ಪಾಚಿ ಹಿಡಿದ ಹಿಂದಿನ ಗೋಡೆ ಬೇಕೆಂದಳು. ಮೊದಲ ವಾರ ಪೂರ್ತಿ ಪಾಚಿ ಕೆರೆದಳು. ಜೊತೆಗಿದ್ದ ಇಬ್ಬರು ಕಲಾವಿದರು ಮೊದಲು ನೋಡಿದರು, ಆಮೇಲೆ ತಾವೂ ಕತ್ತಿ ಹಿಡಿದರು.

ಉಳಿದ ಐದು ವಾರ ಅವಳು ಹೆಸರು ಬರೆದಳು. ತಾನು ಮತ್ತು ಅಪ್ಪ ಬರೆದು ಕೆರೆದ ಬೋಟುಗಳ ಹೆಸರು, ನೂರಾ ಎಪ್ಪತ್ತಮೂರು. ಒಂದನ್ನೂ ಚೀಟಿ ನೋಡಿ ಬರೆಯಲಿಲ್ಲ. ಗುಜರಿಗೆ ಹೋದವು, ಮುಳುಗಿದವು, ಮಲ್ಪೆಗೆ ಮಾರಿಹೋದವು, ಭಟ್ಕಳದವರ ಉರ್ದು ಹೆಸರು, ಎಲ್ಲವೂ ಅವುಗಳ ಕಾಲದ ಬಣ್ಣದಲ್ಲೇ ಬಂದವು. ನದಿಯಿಂದ ಓರೆಯಾಗಿ ನೋಡುವವರ ಲೆಕ್ಕಕ್ಕೆ ಬರೆದದ್ದು, ಗೋಡೆಯ ಬುಡದಲ್ಲಿ ನಿಂತರೆ ಕುಡಿದವರು ಬರೆದಂತೆ ಕಾಣುತ್ತಿತ್ತು. ಕೊನೆಯ ದಿನ ಅರ್ಚಿತಾ ಬಂದವರಿಗೆಲ್ಲ ಕುರ್ಚಿ ಹಾಕಿಸಲಿಲ್ಲ, ಎರಡು ದೋಣಿ ತರಿಸಿದಳು.

ಮಾಸ್ತಿಯನ್ನು ಸುಧಾಕರ ಎತ್ತಿ ಕೂರಿಸಿದ. ಜಯಂತಿ ಅಪ್ಪನ ಪಕ್ಕ ಕೂತಳು. ನದಿಯ ನಡುವೆ ದೋಣಿ ನಿಂತಾಗ ಗೋಡೆಯ ಹೆಸರುಗಳೆಲ್ಲ ಒಟ್ಟಿಗೆ ಎದ್ದು ನೆಟ್ಟಗಾದವು. ಮಾಸ್ತಿ ನಡುಗುವ ಕೈಯನ್ನು ಹುಬ್ಬಿಗೆ ಹಿಡಿದು ಮೇಲಿಂದ ಕೆಳಗೆ ಓದುತ್ತ ಬಂದ. ತುಂಬ ಹೊತ್ತು ಹಿಡಿಯಿತು.

"ನಾಲ್ಕನೇ ಸಾಲು ಬಾಲದಲ್ಲಿ ಚೂರು ಇಳಿದದೆ," ಎಂದ.

ಜಯಂತಿ ನೋಡಿದಳು. ಹೌದು, ಇಳಿದಿತ್ತು. ಬೇರೆ ಯಾರಿಗೂ ಕಾಣುವಂಥದ್ದಲ್ಲ.

"ಇರಲಿ, ಮುಂದಿನ ವರ್ಷ ಕೆರೆದಾಗ ಸರಿ ಮಾಡು."

"ಇದನ್ನ ಕೆರೆಯೂಕಿಲ್ಲ ಅಪ್ಪ."

ಮಾಸ್ತಿ ಮಗಳನ್ನು ನೋಡಿದ, ಗೋಡೆಯನ್ನು ನೋಡಿದ. ಎಪ್ಪತ್ತೊಂಬತ್ತು ವರ್ಷದಲ್ಲಿ ಇಂಥ ಸಂಗತಿ ಅವನಿಗೆ ಎದುರಾಗಿರಲಿಲ್ಲ. "ಹಾಗಾದರೆ ಅದು ಹಾಗೇ ಇರ್ತದಾ?"

"ಇರ್ತದೆ," ಎಂದಳು ಜಯಂತಿ. ದೋಣಿ ತಿರುಗಿದರೂ ಅವಳ ಕಣ್ಣು ನಾಲ್ಕನೇ ಸಾಲಿನ ಮೇಲೆಯೇ ಇತ್ತು.