ಅರ್ಧ ಇಂಚಿನ ಸೈಕಲ್ ಸವಾರಿ

ನನ್ನ ಗೆಳೆಯ ಸೋಮವಾರ ಬೆಳಿಗ್ಗೆ ತೀರಿಕೊಂಡ. ಅರವತ್ತೆರಡು ವರ್ಷ, ದರ್ಜಿ. ಎದ್ದು ಹಲ್ಲುಜ್ಜಲು ಹೋದವನು ಬಚ್ಚಲ ಬಾಗಿಲಲ್ಲೇ ಕುಸಿದ. ಹೆಂಡತಿ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ವ್ಯಾಯಾಮದ ಸೈಕಲ್ ತುಳಿದೇ ಸತ್ತ ಎಂದು ಬೀದಿಯಲ್ಲಿ ಒಂದಿಬ್ಬರು ಹೇಳುತ್ತಿದ್ದಾರೆ. ಡಾಕ್ಟರು ಹಾಗೆ ಹೇಳಿಲ್ಲ. ವರ್ಷಗಳಿಂದ ಕೆಟ್ಟಿದ್ದ ಹೃದಯ, ಅವನು ಯಾರಿಗೂ ತೋರಿಸಿರಲಿಲ್ಲ, ಅಷ್ಟೇ ಎಂದರು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದೆ ಹೇಳುವುದೆಲ್ಲ ಆ ಸೈಕಲಿನ ವಿಷಯವೇ.

ಅವನನ್ನು ನಾವೆಲ್ಲ 'ಅರ್ಧ ಇಂಚು' ಎಂದು ಕರೆಯುತ್ತಿದ್ದೆವು. ಏನೇ ಹೊಲಿದರೂ ಒಳಹೊಲಿಗೆಯಲ್ಲಿ ಅರ್ಧ ಇಂಚು ಬಟ್ಟೆ ಹೆಚ್ಚಿಗೆ ಬಿಡುತ್ತಿದ್ದ. "ಇವತ್ತಿನ ಹೊಟ್ಟೆ ನಾಳೆ ಇರಲ್ಲ ಕಣಯ್ಯಾ, ಬಿಚ್ಚಿಕೊಳ್ಳೋಕೆ ಜಾಗ ಬೇಕು" ಎನ್ನುತ್ತಿದ್ದ. ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಸಂದು. ಒಂದು ಮೆಷಿನ್, ಒಂದು ಇಸ್ತ್ರಿ ಮೇಜು, ಗಿರಾಕಿಗೊಂದು ಸ್ಟೂಲು. ಸುತ್ತಲಿನ ದರ್ಜಿಗಳೆಲ್ಲ ಮೋಟಾರು ಹಾಕಿಸಿಕೊಂಡರು. ಇವನು ಕೊನೆಯವರೆಗೂ ಕಾಲಲ್ಲೇ ತುಳಿದ. ನಲವತ್ತೈದು ವರ್ಷ ತುಳಿದೂ ತುಳಿದೂ ಅವನ ಮೀನಖಂಡಗಳು ಕಲ್ಲಿನಂತಾಗಿದ್ದವು. ಮೇಲಿನ ದೇಹ ಹಂಚಿಕಡ್ಡಿ, ಕೆಳಗಿನದು ಪೈಲ್ವಾನನದು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ. ಬರೆಯುತ್ತೇನೆ. ಆದರೆ ಅವನಷ್ಟು ಹೊಟ್ಟೆಕಿಚ್ಚಿನ ಮನುಷ್ಯನನ್ನು ನಾನು ನೋಡಿಲ್ಲ. ಎದುರು ಸಾಲಿನ ದರ್ಜಿಯ ಅಂಗಡಿಗೆ ಬೆಳಗಿನ ಬಿಸಿಲು ಬೀಳುತ್ತದೆ ಎಂದು ಹೊಟ್ಟೆಯುರಿ. ನನ್ನ ತಲೆಗೂದಲು ಇನ್ನೂ ಉದುರಿಲ್ಲವೆಂದು ಹೊಟ್ಟೆಯುರಿ. ಯಾರದೋ ಮದುವೆಗೆ ಬೇರೆಯವರು ಹೊಲಿದ ಕೋಟನ್ನು ಕಂಡರೆ ಕಾಲರು ಮುಟ್ಟಿ, ಮೂಗು ಮುರಿದು, ಮನೆಗೆ ಬಂದು ಊಟ ಬಿಡುತ್ತಿದ್ದ. ಅವೆಲ್ಲ ಚಿಲ್ಲರೆ ಕಿಚ್ಚುಗಳು, ಎರಡು ದಿನ ಉರಿದು ಆರುತ್ತಿದ್ದವು. ಒಂದು ಮಾತ್ರ ಆರಲಿಲ್ಲ.

ಅವನಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ.

ಹನ್ನೊಂದನೆಯ ವಯಸ್ಸಿನಲ್ಲಿ ನನ್ನ ಅಪ್ಪನ ಸೈಕಲಿನಿಂದ ಬಿದ್ದು ಮೊಣಕೈ ಮುರಿದುಕೊಂಡ. ಆಮೇಲೆ ಮುಟ್ಟಲಿಲ್ಲ. ಕೇಳಿದವರಿಗೆ "ದರ್ಜಿಗೆ ಕೈಯೇ ಅನ್ನ, ಅದನ್ನ ರಸ್ತೆಗೆ ಹಾಕಕ್ಕಾಗುತ್ತಾ" ಎನ್ನುತ್ತಿದ್ದ. ಮೂವತ್ತು ವರ್ಷ ನನ್ನ ಸೈಕಲಿನ ಕ್ಯಾರಿಯರ್ ಮೇಲೆ ಕುಳಿತು ಊರೆಲ್ಲ ತಿರುಗಿದ. ಹಿಂದೆ ಕುಳಿತೇ "ಎಡಕ್ಕೆ ತಗೊಳ್ಳೋ, ಬ್ರೇಕ್ ಹಿಡಿಯೋ" ಎಂದು ಜೋರು ಮಾಡುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ; ಇವನ ಪ್ರಕಾರ ನಾನೇ ಡೊಂಕು.

ಇಷ್ಟೇ ಆಗಿದ್ದರೆ ನಗೆಯಲ್ಲಿ ಮುಗಿಯುತ್ತಿತ್ತು. ಆದರೆ ಅವನಿಗೊಬ್ಬ ಷಡ್ಡಕನಿದ್ದ. ಹೆಂಡತಿಯ ಅಕ್ಕನ ಗಂಡ, ಮೀಟರ್ ರೀಡರ್. ಮನೆಮನೆಗೆ ಹೋಗಿ ಕರೆಂಟಿನ ಮೀಟರು ಓದುವುದು ಕೆಲಸ. ಮೂವತ್ತೈದು ವರ್ಷ ಸೈಕಲ್ ಮೇಲೆಯೇ ಸವೆಸಿದ ಮನುಷ್ಯ. ನನ್ನ ಗೆಳೆಯನಿಗೆ ಮದುವೆಯಾಗುವ ಮೊದಲು ಎರಡು ವರ್ಷ, ಟೈಪಿಂಗ್ ತರಗತಿಗೆ ಹೋಗುತ್ತಿದ್ದ ಅವನ ಹೆಂಡತಿಯಾಗಲಿದ್ದ ಹುಡುಗಿಯನ್ನು, ಅಂದರೆ ತನ್ನ ನಾದಿನಿಯನ್ನು, ಈ ಭಾವನೇ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗಿ ಬಿಡುತ್ತಿದ್ದ. ಮನೆಯವರೇ ಹೇಳಿದ್ದ ಕೆಲಸ, ಅದರಲ್ಲಿ ತಪ್ಪೇನೂ ಇರಲಿಲ್ಲ. ಮದುವೆಯಾದ ಮೊದಲ ವಾರದಲ್ಲಿ ಆಕೆ ಪಾತ್ರೆ ತೊಳೆಯುತ್ತ ಒಂದು ಮಾತು ಅಂದಳು: "ನಮ್ಮ ಭಾವ ಎರಡೂ ಕೈ ಬಿಟ್ಟು ಸೈಕಲ್ ಹೊಡೀತಿದ್ರು." ಆಕೆ ಅದನ್ನು ಅಂದೇ ಮರೆತಿರಬೇಕು. ಇವನು ಮೂವತ್ತಾರು ವರ್ಷ ಹೊತ್ತ. ನನ್ನ ಹಿಂದೆ ಕ್ಯಾರಿಯರ್ ಮೇಲೆ ಕುಳಿತು ಎಷ್ಟು ಸಲ ಹೇಳಿದ್ದನೋ: "ಕೈ ಬಿಟ್ಟು ಹೊಡೀತಿದ್ದನಂತೆ. ಹಿಂದೆ ಇವಳು ಕೂತಿರುವಾಗ. ಬುದ್ಧಿ ಇತ್ತೇನೋ ಅವನಿಗೆ?"

ಹೆಂಡತಿಯನ್ನು ಒಂದು ಸಲವಾದರೂ ಹಿಂದೆ ಕೂರಿಸಿಕೊಂಡು ಹೋಗಬೇಕು. ಅವನಿಗೆ ಬದುಕಿನಲ್ಲಿ ಬೇಕಿದ್ದುದು ಇದೊಂದೇ ಎಂದರೆ ನಗಬೇಡಿ. ನಾನು ನಕ್ಕಿದ್ದೆ.

ಕಳೆದ ವರ್ಷ ಮೀಟರ್ ರೀಡರನಿಗೆ ಸಕ್ಕರೆ ಕಾಯಿಲೆ ಏರಿತು, ಮಂಡಿ ಹಿಡಿಯಿತು. ರಸ್ತೆಯಲ್ಲಿ ಸೈಕಲ್ ಬೇಡ ಎಂದರು ಡಾಕ್ಟರು. ವ್ಯಾಯಾಮದ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು, ಮನೆಯಲ್ಲೇ ತುಳಿಯುವ ಸೈಕಲ್ ತಂದು ಹಾಲ್‌ನಲ್ಲಿ ನಿಲ್ಲಿಸಿದಳು. ಅದಕ್ಕೆ ಚಕ್ರವಿಲ್ಲ, ಇದ್ದಲ್ಲೇ ಇರುತ್ತದೆ. ಜೊತೆಗೊಂದು ವಿಆರ್ ಕನ್ನಡಕ. ಕನ್ನಡಕ ಎನ್ನಬೇಕು ಅಷ್ಟೇ, ಕಣ್ಣಿಗೆ ಡಬ್ಬಿ ಕಟ್ಟಿದ ಹಾಗಿರುತ್ತದೆ. ಹಾಕಿಕೊಂಡು ತುಳಿದರೆ ಗೋಡೆ ಮಾಯ. ಎದುರಿಗೆ ಸಮುದ್ರದ ಪಕ್ಕದ ರಸ್ತೆ, ಇಳಿಜಾರು, ಸೇತುವೆ, ತಲೆ ತಿರುಗಿಸಿದ ಕಡೆ ಹಕ್ಕಿ. ವೇಗವಾಗಿ ತುಳಿದರೆ ರಸ್ತೆ ವೇಗವಾಗಿ ಓಡುತ್ತದೆ. ದಾರಿ ಮುಗಿದಾಗ ಎಷ್ಟು ನಿಮಿಷ ಹಿಡಿಯಿತು, ಯಾರು ಮೊದಲು ಎಂದು ಆಟದೊಳಗಿನ ಒಂದು ಹಲಗೆಯ ಮೇಲೆ ಬರೆದು ತೋರಿಸುತ್ತದೆ. ಆಟವೂ ಹೌದು, ವ್ಯಾಯಾಮವೂ ಹೌದು.

ಸೀಟು ಮಾತ್ರ ಗಟ್ಟಿ. ಅದಕ್ಕೊಂದು ಮೆತ್ತನೆಯ ಕವರ್ ಹೊಲಿದುಕೊಡು ಎಂದು ಕೆಲವು ತಿಂಗಳ ಹಿಂದೆ ಷಡ್ಡಕನಿಂದ ಫೋನು ಬಂತು.

"ನನ್ನ ಕೈಲಿ ಅವನ ಕುಂಡೆಗೆ ದಿಂಬು ಹೊಲಿಸ್ತಾನೆ ನೋಡೋ" ಎಂದ ಅರ್ಧ ಇಂಚು. ಆದರೂ ಟೇಪು ಕುತ್ತಿಗೆಗೆ ಹಾಕಿಕೊಂಡು ಹೊರಟ. ನಾನೂ ಹೋದೆ.

ಅಳತೆ ತೆಗೆದು ಮುಗಿಸಿದರೂ ಅವನ ಕೈ ಹ್ಯಾಂಡಲಿನ ಮೇಲೆಯೇ ಇತ್ತು.

"ಹತ್ತಯ್ಯಾ, ಹೆದರಬೇಡ" ಎಂದ ಮೀಟರ್ ರೀಡರ್. "ಇದು ನಿನಗೇ ಅಂತ ಮಾಡಿದ್ದು. ಬೀಳೋದೇ ಇಲ್ಲ."

"ಕೂತು ನೋಡದೆ ಕವರ್ ಹೊಲಿಯಕ್ಕಾಗುತ್ತಾ ಅಣ್ಣ, ಅಳತೆಗೋಸ್ಕರ" ಎಂದು ಇವನು ಹತ್ತಿದ. ಕನ್ನಡಕ ಕಟ್ಟಿದರು. ತುಳಿದ.

ಎರಡು ನಿಮಿಷವಾದ ಮೇಲೆ ಮೆಲ್ಲಗೆ "ಲೋ, ನಾನು ಹೋಗ್ತಿದ್ದೀನಿ ಕಣೋ" ಎಂದ. ಆ ದನಿಯನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದೆ, ಅವನು ಬೀಳುವುದಕ್ಕೆ ಒಂದು ಕ್ಷಣ ಮುಂಚೆ.

ಈ ಸಲವೂ ಬಿದ್ದ. ಹೊಲಿಗೆ ಮೆಷಿನ್ ನಿಲ್ಲಿಸಬೇಕಾದರೆ ದರ್ಜಿ ಬಲಗೈ ಚಾಚಿ ಪಕ್ಕದ ಚಕ್ರವನ್ನು ಅಂಗೈಯಿಂದ ಹಿಡಿಯುತ್ತಾನೆ. ನಲವತ್ತೈದು ವರ್ಷದ ಅಭ್ಯಾಸ. ಆಟದೊಳಗೆ ತಿರುವು ಬಂದೊಡನೆ ಇವನು ನಿಲ್ಲಿಸಲೆಂದು ಬಲಗೈ ಚಾಚಿದ. ಅಲ್ಲಿ ಚಕ್ರವೆಲ್ಲಿ? ಗಾಳಿ ಹಿಡಿದ, ಬಲಕ್ಕೆ ವಾಲಿದ, ಕನ್ನಡಕದ ಸಮೇತ ಸೋಫಾದ ಮೇಲೆ ಉರುಳಿದ.

ಮೀಟರ್ ರೀಡರ್ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. "ನಿಂತಿರೋ ಸೈಕಲಿಂದ ಬಿದ್ದವನು ಲೋಕದಲ್ಲಿ ನೀನೊಬ್ಬನೇ ಕಣಯ್ಯಾ."

ನನ್ನ ಗೆಳೆಯ ಎದ್ದು, ಹಲಗೆಯ ಮೇಲೆ ಷಡ್ಡಕನ ಸಮಯ ಎಷ್ಟಿದೆ ಎಂದು ಅವನ ಮಗಳನ್ನು ಕೇಳಿದ. ಹತ್ತೊಂಬತ್ತು ನಿಮಿಷ.

ಆ ಕವರಿನಷ್ಟು ಟ್ರಯಲ್ ಅವನು ಯಾವ ಮದುವೆ ಕೋಟಿಗೂ ನೋಡಿಲ್ಲ. ಒಂದು ಭಾನುವಾರ ಬಿಗಿಯಾಯಿತು ಎಂದು ಬಿಚ್ಚಿದ, ಮುಂದಿನ ಭಾನುವಾರ ಸಡಿಲವಾಯಿತು ಎಂದು ಹಿಡಿದ. ಆ ಅರ್ಧ ಇಂಚು ಬಟ್ಟೆ ಎರಡು ತಿಂಗಳು ಅವನಿಗೆ ನೆಪವಾಯಿತು. ಪ್ರತಿ ಸಲವೂ "ಕೂತು ನೋಡ್ತೀನಿ ಅಣ್ಣ" ಎಂದು ಹತ್ತುವುದು, ಕನ್ನಡಕ ಕಟ್ಟಿಸಿಕೊಳ್ಳುವುದು. ನಿಲ್ಲಿಸುವಾಗ ಬಲಗೈ ಈಗಲೂ ಹೋಗುತ್ತಿತ್ತು, ಆದರೆ ಬೀಳುತ್ತಿರಲಿಲ್ಲ. ಮೆಷಿನ್ ತುಳಿದ ಕಾಲುಗಳ ಮುಂದೆ ಸಕ್ಕರೆ ಕಾಯಿಲೆಯ ಮಂಡಿ ಎಷ್ಟು ದಿನ ತಡೆದೀತು? ಒಂಬತ್ತನೆಯ ಭಾನುವಾರ ಹದಿನಾರು ನಿಮಿಷಕ್ಕೆ ದಾರಿ ಮುಗಿಸಿದ. ಹಲಗೆಯ ಮೇಲೆ ಅವನ ಹೆಸರು ಮೇಲೆ, ಷಡ್ಡಕನದು ಕೆಳಗೆ.

ಕಿಚ್ಚು ಮನೆ ಬದಲಾಯಿಸಿತು. ಮುಂದಿನ ವಾರ ಹೋದರೆ ಕನ್ನಡಕದಲ್ಲಿ ಚಾರ್ಜ್ ಇಲ್ಲ ಎಂದ ಮೀಟರ್ ರೀಡರ್. ಅದರ ಮುಂದಿನ ವಾರ ಮಗಳು ಅಂಗಡಿಗೆ ತೆಗೆದುಕೊಂಡು ಹೋಗಿದ್ದಾಳೆ ಎಂದ. ಬೀರುವಿನ ಬಾಗಿಲ ಸಂದಿಯಲ್ಲಿ ಅದರ ಪಟ್ಟಿ ಜೋತುಬಿದ್ದಿದ್ದು ನಮಗಿಬ್ಬರಿಗೂ ಕಂಡಿತು. ಹೊರಗೆ ಬಂದು ಅರ್ಧ ಇಂಚು ಬೀದಿಯುದ್ದಕ್ಕೂ ಕುಣಿಯುವುದೊಂದು ಬಾಕಿ.

"ಉರಿ ಬಿದ್ದಿದೆ ಕಣೋ ಅವನಿಗೆ. ನನಗೆ ಗೊತ್ತಿಲ್ವಾ ಆ ಉರಿ? ಒಳಗಿಂದ ಹೀಗೆ ಹೊಗೆ ಬರುತ್ತೆ."

ಗೆದ್ದ ಸುದ್ದಿಯನ್ನು ಹೆಂಡತಿಗೆ ಅವನು ಆ ಭಾನುವಾರವೇ ಹೇಳಿದ್ದ. ಆಕೆ ಬಟ್ಟೆ ಮಡಚುತ್ತಿದ್ದಳಂತೆ. "ಗೋಡೆ ನೋಡ್ಕೊಂಡು ತುಳಿದ್ರಿ, ಅಷ್ಟೇ ತಾನೆ" ಎಂದಳಂತೆ. ಇವನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಒಂದು ತಿಂಗಳು ಕುದಿದು, ಕಳೆದ ಶನಿವಾರ ನನ್ನ ಎದುರಿಗೇ ಕೇಳಿಬಿಟ್ಟ. ನಾನು ಅವರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ.

"ನಿಮ್ಮ ಭಾವನ ಕ್ಯಾರಿಯರ್ ಮೇಲೆ ಹೋಗ್ತಿದ್ದೆಯಲ್ಲ, ಆಗ ಹೇಗನ್ಸ್ತಿತ್ತು ನಿನಗೆ?"

ಆಕೆ ನನ್ನ ಕಡೆ ನೋಡಿದಳು. "ಏನಾಗಿದೆ ಅಣ್ಣ ಇವರಿಗೆ?"

"ಹೇಳು."

"ಹೇಗನ್ಸುತ್ತೆ, ಕಂಬಿ ಒತ್ತುತ್ತಿತ್ತು."

"ಚೆನ್ನಾಗಿತ್ತಾ ದಾರಿ?"

"ದಾರಿ ಎಲ್ಲಿ ಕಾಣ್ತಿತ್ತು ರೀ? ಕಾಣ್ತಿದ್ದಿದ್ದು ಭಾವನ ಬೆನ್ನು, ಬೆವರು ಹತ್ತಿದ ಅಂಗಿ. ಎರಡು ವರ್ಷ ಅದನ್ನೇ ನೋಡ್ಕೊಂಡು ಹೋಗಿದ್ದೀನಿ. ಎದುರಿಗೆ ಏನು ಬಂತು ಅಂತ ಒಂದು ದಿನ ನೋಡಿಲ್ಲ."

ಮೂವತ್ತಾರು ವರ್ಷ ಇವನು ಕರುಬಿದ್ದು ಒಂದು ಬೆವರಿನ ಅಂಗಿಗೆ. ನಾನು ನಗಬೇಕೆಂದಿದ್ದೆ, ಅವನ ಮುಖ ನೋಡಿ ಲೋಟ ಕೆಳಗಿಟ್ಟೆ. ನಾನು ಹೊರಡುವಾಗ ಬಾಗಿಲ ತನಕ ಬಂದು, "ಲೋ, ನಿನ್ನ ಹಿಂದೆ ಕೂತಾಗ ನನಗೂ ಏನೂ ಕಾಣ್ತಿರಲಿಲ್ಲ ಕಣೋ" ಎಂದ. "ಸುಮ್ಮನೆ ಎಡಕ್ಕೆ ಬಲಕ್ಕೆ ಅಂತಿದ್ದೆ."

ಮರುದಿನ, ಭಾನುವಾರ ಸಂಜೆ, ಷಡ್ಡಕನ ಮನೆಯ ಅದೇ ಹಾಲ್‌ನಲ್ಲಿ ನಾವೆಲ್ಲ ಇದ್ದೆವು. ಅಲ್ಲಿಂದ ಮನೆಗೆ ಹೋಗಿ ಅವನು ಉಂಡ, ಮಲಗಿದ, ಬೆಳಿಗ್ಗೆ ಎದ್ದ. ಅವೆಲ್ಲ ಎಲ್ಲರೂ ಮಾಡುವಂಥವು. ಅವನು ಕೊನೆಯದಾಗಿ ಮಾಡಿದ್ದು ಎಂದು ನಾನು ಎಣಿಸುವುದು ಆ ಸಂಜೆಯದನ್ನು.

ಅಂದು ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ಕಂಕುಳಲ್ಲಿ ಹೊಸದಾಗಿ ಹೊಲಿದ ಒಂದು ಪುಟ್ಟ ಮೆತ್ತೆ. ನೇರ ಬೀರುವಿನ ಎದುರು ನಿಂತ.

"ಅಣ್ಣ, ಕನ್ನಡಕ ಕೊಡಿ. ನನಗಲ್ಲ. ಬೇಕಾದ್ರೆ ಹಲಗೆ ಮೇಲಿಂದ ನನ್ನ ಹೆಸರು ಅಳಿಸಿಬಿಡಿ."

ಅವನು ಯಾರ ಮುಂದೆಯೂ ಹೀಗೆ ಕೇಳಿದ್ದನ್ನು ನಾನು ಕಂಡಿಲ್ಲ. ಮೀಟರ್ ರೀಡರನಿಗೆ ಮುಜುಗರವಾಯಿತು. ಬೀರು ತೆಗೆಯುತ್ತ, "ಅಳಿಸೋದು ಹೇಗೆ ಅಂತ ಗೊತ್ತಿದ್ರೆ ಯಾವತ್ತೋ ಅಳಿಸ್ತಿದ್ದೆ ಬಿಡಯ್ಯಾ" ಎಂದ.

ಅರ್ಧ ಇಂಚು ಅಡುಗೆಮನೆಯಿಂದ ಎತ್ತರದ ಸ್ಟೂಲು ತಂದು ಸೈಕಲಿನ ಸೀಟಿನ ಹಿಂದೆ ತಾಗಿಸಿಟ್ಟ. ಅದರ ಮೇಲೆ ಮೆತ್ತೆ ಇಟ್ಟ. ಹೆಂಡತಿಯನ್ನು ಕೂರಿಸಿ, ಕನ್ನಡಕವನ್ನು ಆಕೆಯ ಕಣ್ಣಿಗೆ ಕಟ್ಟಿ, ಜಡೆ ಸಿಕ್ಕಿಕೊಳ್ಳದ ಹಾಗೆ ಪಟ್ಟಿ ಸರಿಮಾಡಿದ. ತಾನು ಮುಂದೆ ಹತ್ತಿ ಬರಿಗಣ್ಣಲ್ಲಿ ಕುಳಿತ. ಅವನೆದುರು ಸುಣ್ಣದ ಗೋಡೆ, ಒಂದು ಸ್ವಿಚ್‌ಬೋರ್ಡು.

"ಹಿಡ್ಕೋ" ಎಂದ. ಆಕೆ ತಡಕಾಡಿ ಅವನ ಅಂಗಿ ಹಿಡಿದಳು. ಅವನು ತುಳಿದ.

"ಅಯ್ಯೋ ಸಮುದ್ರ" ಎಂದಳು ಆಕೆ.

"ಯಾವ ಕಡೆಗೆ?"

"ಎಡಗಡೆ. ನಿಮಗೆ ಕಾಣಲ್ವಾ?"

"ನನಗೆ ಸ್ವಿಚ್‌ಬೋರ್ಡ್ ಕಾಣ್ತಿದೆ. ನೀನು ಹೇಳು."

ಆಕೆ ಹೇಳುತ್ತ ಹೋದಳು. ತಿರುವು ಬಂತು, ಮರ ಬಂತು, ಇಳಿಜಾರು ಬಂತು ನಿಧಾನ, ಹಕ್ಕಿ ನೋಡಿ ಹಕ್ಕಿ. ಅವನು ಇಳಿಜಾರಿಗೆ ನಿಧಾನ ಮಾಡಿದ, ಏರಿಗೆ ಮುಂದಕ್ಕೆ ಬಗ್ಗಿದ. ಸೋಫಾದಲ್ಲಿ ಕುಳಿತಿದ್ದ ಆಕೆಯ ಅಕ್ಕ ತನ್ನ ಗಂಡನ ಕಡೆ ತಿರುಗಿ, "ವರ್ಷದಿಂದ ಮನೇಲಿದೆ, ನನ್ನ ಕಣ್ಣಿಗೆ ಒಂದು ದಿನ ಕಟ್ಟಿದ್ರಾ ಅದನ್ನ?" ಎಂದಳು. ಮೂವತ್ತು ವರ್ಷ ಅವನನ್ನು ಹಿಂದೆ ಹೊತ್ತ ನನಗೂ ಆ ಕಿಚ್ಚು ಸ್ವಲ್ಪ ತಾಗಿತು.

ಹತ್ತು ನಿಮಿಷವಾಗಿರಬೇಕು. ಅವನ ಕುತ್ತಿಗೆ ಬೆವೆತಿತ್ತು. ಬಲಗೈ ಹ್ಯಾಂಡಲ್ ಬಿಟ್ಟು ಪಕ್ಕಕ್ಕೆ ಹೋಯಿತು, ಅಲ್ಲಿಲ್ಲದ ಚಕ್ರವನ್ನು ಅಂಗೈಯಿಂದ ಹಿಡಿಯಿತು. ಕಾಲು ನಿಂತಿತು. ಯಾರೂ ನಗಲಿಲ್ಲ.

"ಯಾಕೆ ನಿಲ್ಲಿಸಿದ್ರಿ?" ಎಂದಳು ಹಿಂದಿನಿಂದ ಹೆಂಡತಿ. "ಈಗ ತಾನೆ ಸೇತುವೆ ಬಂತು. ಆ ಕಡೆ ಏನಿದೆ ನೋಡಬೇಕು ನಾನು."

ಅವನು ಕೈಯನ್ನು ಹ್ಯಾಂಡಲಿಗೆ ತಂದ. ಬೆನ್ನು ಬಗ್ಗಿಸಿ, ಗೋಡೆಯನ್ನು ನೋಡುತ್ತ, ಮತ್ತೆ ತುಳಿಯತೊಡಗಿದ.