ತುಂಬುತ್ತಿರುವ ಕೊಳಕ್ಕೆ ನೀರಕ್ಕನ ಕಾವಲು

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಬಿಳಿ ಮೇಲಂಗಿಯ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡ ಹೆಂಗಸೊಬ್ಬರು ಪೆನ್ನನ್ನು ದಾರದಿಂದ ಕೊರಳಿಗೆ ಕಟ್ಟಿಕೊಳ್ಳುತ್ತಾರೆ. ಇಲ್ಲಿ ಯಾವುದೂ ಕೈಜಾರಿ ನೀರಿಗೆ ಬೀಳುವಂತಿಲ್ಲ. ಆಮೇಲೆ ಕಟಕಟೆ ಹಿಡಿದು ಬಗ್ಗಿ ನೋಡುತ್ತಾರೆ. ಹನ್ನೆರಡು ಮೀಟರ್ ಆಳದ ಕೊಳ. ನೀರು ತಳ ಕಾಣುವಷ್ಟು ತಿಳಿ. ತಳದಲ್ಲಿ ಸಾಲುಸಾಲಾಗಿ ಚೌಕದ ಗೂಡುಗಳು. ಬಹುತೇಕ ಎಲ್ಲದರಲ್ಲೂ ಅಣುಸ್ಥಾವರದಲ್ಲಿ ಬಳಸಿ ತೆಗೆದ ಇಂಧನದ ಕಂತೆ. ಅದರ ಕಾವು ಆರಿಸುವುದೂ ವಿಕಿರಣ ತಡೆಯುವುದೂ ಈ ನೀರೇ.

ಸ್ಥಾವರದಲ್ಲಿ ಎಲ್ಲರೂ ಇವರನ್ನು ನೀರಕ್ಕ ಎಂದೇ ಕರೆಯುತ್ತಾರೆ. ಇಪ್ಪತ್ತೇಳು ವರ್ಷದಿಂದ ಇದೇ ಕೊಳದ ಕಾವಲು. ಪಾಳಿಗೆ ನಾಲ್ಕು ಸುತ್ತು. ಪ್ರತಿ ಸುತ್ತಿನಲ್ಲೂ ನೀರಿನ ಮಟ್ಟ, ಬಿಸಿ, ತಿಳಿ ನೋಡಿ ಪುಸ್ತಕದಲ್ಲಿ ಬರೆದು ರುಜು ಹಾಕಬೇಕು. ಗೂಡುಗಳು ಒಟ್ಟು ಸಾವಿರದ ಇನ್ನೂರು. ಖಾಲಿ ಉಳಿದಿರುವುದು ಮೂವತ್ತೇಳು. ವರ್ಷಕ್ಕೆ ಇಪ್ಪತ್ತೆಂಟು ಕಂತೆ ಬಂದು ಸೇರುತ್ತವೆ. ಲೆಕ್ಕ ಯಾರು ಬೇಕಾದರೂ ಹಾಕಬಹುದು. ಆದರೆ ಹಾಕಿ ಎದೆ ಝಲ್ಲೆನಿಸಿಕೊಳ್ಳುವವರು ಇವರೊಬ್ಬರೇ ಇರಬೇಕು. ಗೂಡು ಮುಗಿದ ದಿನ ಸ್ಥಾವರ ನಿಲ್ಲಬೇಕು, ಇಲ್ಲವೇ ಇದ್ದ ಜಾಗದಲ್ಲೇ ಇನ್ನಷ್ಟು ಒತ್ತಿ ತುಂಬಬೇಕು. ಒತ್ತಿ ತುಂಬಿದಷ್ಟೂ ಕಾವು ಹೆಚ್ಚುತ್ತದೆ, ನೀರಕ್ಕನ ಅಂಜಿಕೆ ಅದೇ.

ಹೀಗಾಗಬೇಕಿರಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ ಕಂಬಗಳ ಮೇಲೆ ತುಕ್ಕು ಹಿಡಿದ ಸರಳುಗಳು ನಿಂತಿವೆ. ಬಳಸಿದ ಇಂಧನವನ್ನು ಕರಗಿಸಿ, ಉಪಯೋಗಕ್ಕೆ ಬರುವುದನ್ನು ಬೇರ್ಪಡಿಸಿ, ಮತ್ತೆ ಇಂಧನ ಮಾಡುವ ಕಾರ್ಖಾನೆ ಅದಾಗಬೇಕಿತ್ತು. ನೀರಕ್ಕ ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ ಅದಕ್ಕೆ ಆಯ್ಕೆಯಾಗಿ, ದಪ್ಪ ಗಾಜಿನ ಈಚೆ ನಿಂತು ಆಚೆಗಿನ ಯಂತ್ರದ ಕೈಗಳನ್ನು ಆಡಿಸುವುದನ್ನು ಆರು ತಿಂಗಳು ಕಲಿತರು. ಅಷ್ಟರಲ್ಲಿ ಸರ್ಕಾರ ಬದಲಾಯಿತು, ಕೆಲಸ ನಿಂತಿತು, ಅವರನ್ನು ಈ ಕೊಳದ ಕಾವಲಿಗೆ ಹಾಕಿದರು. ಮುಂದಿನ ಸರ್ಕಾರ ಮತ್ತೆ ಶುರು ಮಾಡಿಸಿತು. ಅದರ ನಂತರದ್ದು ಖರ್ಚು ಜಾಸ್ತಿ, ಅಪಾಯವೂ ಜಾಸ್ತಿ, ಹೂಳುವುದೇ ವಾಸಿ ಎಂದಿತು. ಹೂಳಲು ಜಾಗ ಎಲ್ಲಿ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. "ನೂರರಲ್ಲಿ ತೊಂಬತ್ತಾರು ಪಾಲು ಮತ್ತೆ ಕೆಲಸಕ್ಕೆ ಬರುತ್ತೆ. ನಿಜವಾದ ಕಸ ನಾಕೇ ಪಾಲು. ನಾವು ನೂರನ್ನೂ ಕಸ ಅಂತ ಕಾಯ್ತಾ ಕೂತಿದೀವಿ" ಎನ್ನುತ್ತಾರೆ ನೀರಕ್ಕ.

ಮನೆಯಲ್ಲಿ ಈ ಮಾತು ನಡೆಯುವುದಿಲ್ಲ. ಗಂಡ ದರ್ಜಿ, ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ. ಭದ್ರವಾಗಿ ಮುಚ್ಚಿಟ್ಟದ್ದನ್ನು ಬಿಚ್ಚಿ ಕರಗಿಸುವುದು ಹುಲಿಯನ್ನು ಬೋನಿನಿಂದ ಬಿಟ್ಟ ಹಾಗೆ ಎನ್ನುವುದು ಅವರ ವಾದ. ಅದರಿಂದ ಬಾಂಬಿನ ಸಾಮಾನೂ ಬರುತ್ತದಂತಲ್ಲ ಎಂದೂ ಕೇಳುತ್ತಾರೆ. ಆ ಮಾತು ಸುಳ್ಳಲ್ಲವೆಂದು ನೀರಕ್ಕನೂ ಒಪ್ಪುತ್ತಾರೆ. ಹಾಗಂತ ಬೋನು ತುಂಬಿದ ಮೇಲೂ ಹುಲಿ ತಂದು ತುರುಕುತ್ತಾ ಇರಬೇಕಾ ಎಂದು ತಿರುಗಿ ಕೇಳುತ್ತಾರೆ. ಅಲ್ಲಿಗೆ ಯಂತ್ರದ ಸದ್ದು ಜೋರಾಗುತ್ತದೆ.

ಕಳೆದ ವರ್ಷ ಒಂದು ಬೆಳಿಗ್ಗೆ ನೀರಕ್ಕನ ಅಂಜಿಕೆಗೆ ಬೇರೆಯೇ ಕಾರಣ ಸಿಕ್ಕಿತು. ಮಟ್ಟ ತೋರಿಸುವ ಮೀಟರು ಹಿಂದಿನ ಮೂರು ಸುತ್ತಿನಲ್ಲಿ ಇದ್ದ ಅಂಕಿಯಲ್ಲೇ ನಿಂತಿತ್ತು. ಬೇರೆಯವರಾಗಿದ್ದರೆ ಸಮಾಧಾನಪಡುತ್ತಿದ್ದರು. ನೀರಕ್ಕನಿಗೆ ಅದೇ ಅನುಮಾನ ತಂದಿತು. ಬೆಚ್ಚಗಿನ ನೀರು ಸುಮ್ಮನಿರುವುದಿಲ್ಲ, ಆವಿಯಾಗಿ ಕೂದಲೆಳೆಯಷ್ಟಾದರೂ ಇಳಿಯಲೇಬೇಕು. ಬಗ್ಗಿ ನೋಡಿದರೆ ಉಕ್ಕಿನ ಗೋಡೆಯ ಮೇಲೆ, ನೀರಿಗಿಂತ ನಾಲ್ಕು ಬೆರಳು ಎತ್ತರದವರೆಗೆ ಒದ್ದೆ ಪಟ್ಟಿ. ನೀರು ಎಲ್ಲೋ ಸೋರುತ್ತಿತ್ತು, ಮೀಟರು ಸಿಕ್ಕಿಹಾಕಿಕೊಂಡಿತ್ತು.

ಅವತ್ತು ಕ್ರೇನಿನಿಂದ ಎಂಟು ಕಂತೆ ಇಳಿಸುವುದಿತ್ತು. ಪಾಳಿಯ ಸಾಹೇಬರು ಮೀಟರು ಸರಿಯಿದೆ, ರುಜು ಹಾಕಿ ಎಂದರು. ನೀರಕ್ಕ ಪುಸ್ತಕ ಮುಚ್ಚಿ ಎದೆಗವಚಿಕೊಂಡು ನಿಂತರು.

"ಮೀಟರು ಸರಿಯಿದೆ ಅಂತ ನೀವು ಬರೆದುಕೊಡಿ ಸಾರ್, ರುಜು ನಾನು ಹಾಕಲ್ಲ" ಎಂದರು.

ಸಾಹೇಬರು ಬರೆದುಕೊಡಲಿಲ್ಲ. ಕ್ರೇನು ನಾಲ್ಕು ಗಂಟೆ ನಿಂತಿತು. ಆ ನಾಲ್ಕು ಗಂಟೆ ತಾನು ಕಂಡದ್ದು ಸುಳ್ಳಾಗಿದ್ದರೆ ಕೆಲಸ ಹೋಗುತ್ತದೆ, ನಿಜವಾಗಿದ್ದರೆ ಏನೇನು ಹೋಗುತ್ತದೋ ಎಂದು ಅವರು ಕಟಕಟೆ ಬಿಟ್ಟು ಕದಲಲಿಲ್ಲ. ಕೊನೆಗೆ, ಕಂತೆಗಳು ಕೊಳಕ್ಕೆ ಬರುವ ಪಕ್ಕದ ಕಾಲುವೆಯ ಬಾಗಿಲಿನ ರಬ್ಬರು ಬಿರುಕು ಬಿಟ್ಟಿರುವುದು ಸಿಕ್ಕಿತು. ಸಂಜೆಯೊಳಗೆ ಬದಲಾಯಿಸಿದರು. ನೀರಕ್ಕನಿಗೆ ಸಿಕ್ಕಿದ್ದು ಹೊಗಳಿಕೆಯಲ್ಲ, ಕೆಲಸ ನಿಲ್ಲಿಸಿದ್ದಕ್ಕೆ ವಿವರಣೆ ಕೇಳಿದ ಪತ್ರ. ಎರಡು ವಾರದ ಮೇಲೆ ಅದನ್ನು ಸದ್ದಿಲ್ಲದೆ ಹಿಂದಕ್ಕೆ ಪಡೆದರು.

ಈ ವರ್ಷ ಇಂಧನ ನೀತಿಯ ಸಮಿತಿಯವರು ಕೊಳ ನೋಡಲು ಬಂದಾಗ, ಟಾರ್ಚು ಹಿಡಿದು ತೋರಿಸುವ ಕೆಲಸ ನೀರಕ್ಕನ ಪಾಲಿಗೆ ಬಂತು. ಮಾತಾಡಬೇಡಿ ಎಂದು ಮೊದಲೇ ಹೇಳಿದ್ದರು. ಆದರೆ ಸಮಿತಿಯ ಹಿರಿಯರೇ ಭಯವಾಗುವುದಿಲ್ಲವೇ ಎಂದು ಕೇಳಿಬಿಟ್ಟರು.

"ಆಗುತ್ತೆ ಸಾರ್. ನೀರು ನೋಡಿ ಅಲ್ಲ, ನಿಮ್ಮನ್ನ ನೋಡಿ. ಹೂಳ್ತೀವಿ ಅಂದ್ರೆ ಹೂಳಿ, ಮತ್ತೆ ಬಳಸ್ತೀವಿ ಅಂದ್ರೆ ಬಳಸಿ. ಆಮೇಲೆ ನೋಡೋಣ ಅಂತೀರಲ್ಲ, ಆ 'ಆಮೇಲೆ'ನೆಲ್ಲ ತಂದು ಇಲ್ಲೇ ಇಡ್ತಾ ಇದೀವಿ."

ಸಾಹೇಬರು ಕೆಮ್ಮಿದರು. ಹಿರಿಯರು ಏನೋ ಬರೆದುಕೊಂಡರು. ಮೂರು ತಿಂಗಳ ಮೇಲೆ ಬಂದ ವರದಿಯಲ್ಲಿ ಕಾರ್ಖಾನೆಯ ವಿಷಯ ಇನ್ನಷ್ಟು ಪರಿಶೀಲನೆಗೆ ಹೋಗಿತ್ತು. ಎಲ್ಲೋ ಕೊನೆಯ ಪುಟದಲ್ಲಿ ಒಂದು ಸಾಲು ಮಾತ್ರ ಇತ್ತು: ಇನ್ನು ಮುಂದೆ ಮೀಟರಿನ ಜೊತೆಗೆ ಕಣ್ಣಿನಿಂದಲೂ ಮಟ್ಟ ನೋಡಿ ಬರೆಯತಕ್ಕದ್ದು.

ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿದೆ. ಆಮೇಲೆ ಏನು ಮಾಡಬೇಕೆಂದಿದ್ದೀರಿ ಎಂದರೆ, ಕೈಗವಸು ಕಳಚುತ್ತಾ ಯೋಚಿಸುತ್ತಾರೆ.

"ಬಂದಾಗಿಂದ ಒಳಗೆ ಇಡೋದನ್ನೇ ನೋಡಿದೀನಿ. ಹೋಗೋದ್ರೊಳಗೆ ಒಂದೇ ಒಂದು ಕಂತೆ ಹೊರಗೆ ಹೋಗೋದನ್ನ ನೋಡಿಬಿಟ್ರೆ ಸಾಕು. ಆ ರುಜು ನಾನೇ ಹಾಕ್ಬೇಕು."